ಕಕ್ಷೆಯಿಂದ ಕಂಡ ಮಂಗಳ ಗ್ರಹದ ಜ್ವಾಲಾಮುಖಿಗಳು ಮತ್ತು ಬಿರುಕು ಕಣಿವೆಗಳು: ಶಿವಮೊಗ್ಗ–ಭದ್ರಾವತಿ ಪ್ರದೇಶದ ಶಿಲೆಗಳೊಂದಿಗೆ ತುಲನಾತ್ಮಕ ಮಾಹಿತಿ

1. ಪೀಠಿಕೆ

ಮಂಗಳ ಗ್ರಹದ ಮೇಲ್ಮೈಯಲ್ಲಿ ಬೃಹತ್ ಜ್ವಾಲಾಮುಖಿ ಪರ್ವತಗಳು, ಸಾವಿರಾರು ಕಿಲೋಮೀಟರ್ ಉದ್ದದ ಸೀಳು ಕಣಿವೆಗಳು ಹಾಗೂ ಹೊರಪದರವು ಹಿಗ್ಗಿ, ಕುಗ್ಗಿ, ಬಿರಿದ ಗುರುತುಗಳು ಇವೆ. ಇವುಗಳ ಬಗ್ಗೆ ತಿಳಿದಿರುವ ಬಹುಪಾಲು ಸಂಗತಿಗಳು ಆ ಗ್ರಹವನ್ನು ಸುತ್ತುವ ನೌಕೆಗಳು ತೆಗೆದ ಚಿತ್ರಗಳಿಂದ ದೊರೆತವಾಗಿವೆ. ಭಾರತದ ಮಂಗಳಯಾನವೂ ಇಂತಹ ಚಿತ್ರಗಳನ್ನು ಒದಗಿಸಿದ್ದು, ಅದನ್ನು ಕರ್ನಾಟಕದಿಂದಲೇ ನಿಯಂತ್ರಿಸಲಾಗಿತ್ತು.

ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಸುತ್ತಲಿನ ಪ್ರದೇಶದಲ್ಲಿಯೂ ಅತಿ ಪ್ರಾಚೀನ ಲಾವಾ ಶಿಲೆಗಳು ಇವೆ. ಆದರೆ ಎರಡು ನೆಲಗಳ ಸ್ಥಿತಿ ಪರಸ್ಪರ ವಿರುದ್ಧವಾಗಿದೆ. ಇಲ್ಲಿ ಜ್ವಾಲಾಮುಖಿಯ ಮೂಲ ಆಕಾರ ಸಂಪೂರ್ಣವಾಗಿ ಅಳಿದು ಕಲ್ಲು ಮಾತ್ರ ಉಳಿದಿದೆ. ಮಂಗಳದಲ್ಲಿ ಆಕಾರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ, ಕಲ್ಲು ಕೈಗೆ ದೊರೆಯುವುದು ಮಾತ್ರ ಅಪರೂಪ. ಆದ್ದರಿಂದ ಒಂದನ್ನು ಅರಿಯಲು ಇನ್ನೊಂದು ನೆರವಾಗುತ್ತದೆ. ವಿದ್ಯಾರ್ಥಿಗಳು, ಶಿಕ್ಷಕರು, ಕೊಳವೆಬಾವಿಗೆ ಸ್ಥಳ ಗುರುತಿಸಲು ಅರ್ಜಿ ಸಲ್ಲಿಸುವ ರೈತರು ಹಾಗೂ ಉಪಗ್ರಹ ಚಿತ್ರಗಳನ್ನು ಬಳಸುವ ಎಲ್ಲ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸರಳವಾಗಿ ನೀಡಲಾಗಿದೆ.

2. ಚಿತ್ರಗಳು ದೊರೆತ ಬಗೆ

ಅನ್ಯ ಗ್ರಹವೊಂದರ ಕಕ್ಷೆಯನ್ನು ಸೇರಿದ ಮೊದಲ ನೌಕೆ ಅಮೆರಿಕದ ಮ್ಯಾರಿನರ್-9. ಅದು 1971ರ ನವೆಂಬರ್ 14ರಂದು ಮಂಗಳವನ್ನು ತಲುಪಿದಾಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿ ಆವರಿಸಿತ್ತು. ಧೂಳಿನ ನಡುವೆ ನಾಲ್ಕು ಕಪ್ಪು ಮಚ್ಚೆಗಳು ಮಾತ್ರ ಕಾಣುತ್ತಿದ್ದವು. ಧೂಳು ಇಳಿದ ನಂತರ ಅವು ನಾಲ್ಕು ಮಹಾ ಜ್ವಾಲಾಮುಖಿಗಳ ಶಿಖರಗಳೆಂದು ತಿಳಿದುಬಂತು. ಅವುಗಳ ಎತ್ತರ ಎಷ್ಟಿತ್ತೆಂದರೆ, ಗ್ರಹವ್ಯಾಪಿ ಧೂಳಿನ ಪದರವೂ ಅವುಗಳನ್ನು ಮುಚ್ಚಿರಲಿಲ್ಲ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ಮಂಗಳಯಾನವನ್ನು 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಉಡಾಯಿಸಿತು. 2014ರ ಸೆಪ್ಟೆಂಬರ್ 24ರಂದು ಅದು ಮಂಗಳದ ಕಕ್ಷೆ ಸೇರಿತು. ಯೋಜನೆಯ ವೆಚ್ಚ ಸುಮಾರು 450 ಕೋಟಿ ರೂಪಾಯಿ. ಕಕ್ಷೆ ಸೇರಿದ ದಿನ ನೌಕೆಯು ಭೂಮಿಯಿಂದ ಸುಮಾರು 22.4 ಕೋಟಿ ಕಿ.ಮೀ. ದೂರದಲ್ಲಿದ್ದು, ಅದರ ಸಂಕೇತ ಇಲ್ಲಿಗೆ ತಲುಪಲು 12 ನಿಮಿಷಕ್ಕೂ ಅಧಿಕ ಕಾಲ ಬೇಕಾಗಿತ್ತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಿಂದ ನಿಯಂತ್ರಣವನ್ನೂ, ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದ ಬೃಹತ್ ಆಂಟೆನಾಗಳ ಮೂಲಕ ಸಂಪರ್ಕವನ್ನೂ ನಿರ್ವಹಿಸಲಾಯಿತು.

ನೌಕೆಯ ವರ್ಣ ಕ್ಯಾಮೆರಾವನ್ನು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರವು ತಯಾರಿಸಿತು. ಆಗ ಆ ಕೇಂದ್ರದ ನಿರ್ದೇಶಕರಾಗಿದ್ದವರು ಹಾಸನ ಜಿಲ್ಲೆಯವರಾದ ಎ. ಎಸ್. ಕಿರಣ್ ಕುಮಾರ್. ಅವರು 2015ರಲ್ಲಿ ಇಸ್ರೋ ಅಧ್ಯಕ್ಷರಾದರು. ಮಂಗಳಯಾನದ ಕಕ್ಷೆ ಅತಿ ದೀರ್ಘವೃತ್ತಾಕಾರದ್ದಾಗಿದ್ದು, ಹತ್ತಿರದ ಬಿಂದು ಸುಮಾರು 420 ಕಿ.ಮೀ., ದೂರದ ಬಿಂದು ಸುಮಾರು 77,000 ಕಿ.ಮೀ. ಇತ್ತು. ಇದರಿಂದ ಒಂದೇ ಕ್ಯಾಮೆರಾದಿಂದ ಎರಡು ಬಗೆಯ ಚಿತ್ರಗಳು ಲಭಿಸಿದವು. ದೂರದಿಂದ ಇಡೀ ಗ್ರಹದ ಚಿತ್ರ, ಸಮೀಪದಿಂದ ಒಂದೊಂದು ಪರ್ವತ ಅಥವಾ ಕಣಿವೆಯ ಚಿತ್ರ. ಥಾರ್ಸಿಸ್ ಪ್ರದೇಶದ ಆರ್ಸಿಯಾ ಮಾನ್ಸ್ ಜ್ವಾಲಾಮುಖಿ, ಹಳೆಯ ಜ್ವಾಲಾಮುಖಿಯಾದ ಟಿರ್ರೆನಸ್ ಮಾನ್ಸ್ ಹಾಗೂ ವ್ಯಾಲಿಸ್ ಮರಿನೆರಿಸ್ ಕಣಿವೆ ಇವುಗಳಲ್ಲಿ ಮುಖ್ಯವಾದವು. 2015ರ ಜುಲೈ 19ರಂದು ಸುಮಾರು 1,857 ಕಿ.ಮೀ. ಎತ್ತರದಿಂದ ತೆಗೆದ ಓಫಿರ್ ಕಣಿವೆಯ ಚಿತ್ರದಲ್ಲಿ ಪ್ರತಿ ಬಿಂದುವು ನೆಲದ 96 ಮೀಟರ್ ಅಗಲವನ್ನು ಪ್ರತಿನಿಧಿಸುತ್ತದೆ. ಅಂದರೆ, ಒಂದು ಕ್ರೀಡಾಂಗಣವು ಆ ಚಿತ್ರದಲ್ಲಿ ಎರಡು ಮೂರು ಬಿಂದುಗಳಷ್ಟೇ ಆಗುತ್ತದೆ.

ಆರು ತಿಂಗಳ ಕಾರ್ಯಾವಧಿಗೆಂದು ರೂಪಿಸಿದ್ದ ನೌಕೆಯು ಏಳು ವರ್ಷಗಳಿಗೂ ಹೆಚ್ಚು ಕಾಲ ಕಾರ್ಯನಿರ್ವಹಿಸಿತು. 2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣದ ಅವಧಿಯ ನಂತರ ಸಂಪರ್ಕ ಕಡಿದುಹೋಯಿತು. ಅದು ಮತ್ತೆ ದೊರೆಯದೆಂದು ಇಸ್ರೋ 2022ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

3. ಪ್ರಮುಖ ಜ್ವಾಲಾಮುಖಿ ರಚನೆಗಳು

ಮಂಗಳದ ಸಮಭಾಜಕದ ಬಳಿ ಥಾರ್ಸಿಸ್ ಎಂಬ ವಿಶಾಲವಾದ ಉಬ್ಬು ಪ್ರದೇಶವಿದೆ. ಇದರ ಮುಖ್ಯ ಭಾಗ 350 ಕೋಟಿ ವರ್ಷಗಳಿಗೂ ಹಿಂದೆಯೇ ರೂಪುಗೊಂಡಿತೆಂದು ಅಂದಾಜಿಸಲಾಗಿದೆ. ಇಲ್ಲಿನ ಹಾಗೂ ಇದರ ಅಂಚಿನ ಮುಖ್ಯ ಪರ್ವತಗಳ ವಿವರ ಕೆಳಕಂಡಂತಿದೆ.

(ಅ) ಒಲಿಂಪಸ್ ಮಾನ್ಸ್: ಸೌರಮಂಡಲದ ಗ್ರಹಗಳಲ್ಲಿ ತಿಳಿದಿರುವ ಅತಿ ಎತ್ತರದ ಜ್ವಾಲಾಮುಖಿ. ಎತ್ತರ ಸುಮಾರು 22 ಕಿ.ಮೀ., ಬುಡದ ಅಗಲ ಸುಮಾರು 600 ಕಿ.ಮೀ. ಇದರ ಬುಡವು ಆವರಿಸುವ ಪ್ರದೇಶ ಸುಮಾರು 3 ಲಕ್ಷ ಚ.ಕಿ.ಮೀ. ಕರ್ನಾಟಕ ರಾಜ್ಯದ ವಿಸ್ತೀರ್ಣ 1,91,791 ಚ.ಕಿ.ಮೀ. ಅಂದರೆ ಇಡೀ ರಾಜ್ಯವನ್ನು ಈ ಒಂದು ಪರ್ವತದ ಮೇಲೆ ಇರಿಸಿದರೂ ಸ್ಥಳ ಉಳಿಯುತ್ತದೆ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 2 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಇಷ್ಟು ಎತ್ತರವಿದ್ದರೂ ಒಲಿಂಪಸ್‌ನ ಇಳಿಜಾರು ಸರಾಸರಿ 5 ಡಿಗ್ರಿ ಮಾತ್ರ.

(ಆ) ಆರ್ಸಿಯಾ, ಪವೋನಿಸ್, ಅಸ್ಕ್ರೇಯಸ್: ನೈಋತ್ಯದಿಂದ ಈಶಾನ್ಯಕ್ಕೆ ಒಂದೇ ಸಾಲಿನಲ್ಲಿರುವ ಮೂರು ಜ್ವಾಲಾಮುಖಿಗಳು. ಆರ್ಸಿಯಾದ ಶಿಖರದಲ್ಲಿರುವ ಕುಸಿದ ಬೋಗುಣಿಯ ಅಡ್ಡಳತೆ 110 ಕಿ.ಮೀ.ಗೂ ಅಧಿಕ. ಶಿವಮೊಗ್ಗದಿಂದ ಭದ್ರಾವತಿಗೆ ಇರುವ ಸುಮಾರು 20 ಕಿ.ಮೀ. ದೂರದ ಐದು ಪಟ್ಟಿಗಿಂತಲೂ ಇದು ಹೆಚ್ಚು.

(ಇ) ಆಲ್ಬಾ ಮಾನ್ಸ್: ಸಾವಿರ ಕಿಲೋಮೀಟರ್‌ಗೂ ಹೆಚ್ಚು ಅಗಲವಿದ್ದು, ಎತ್ತರ 7 ಕಿ.ಮೀ.ಗಿಂತ ಕಡಿಮೆ. ಇಳಿಜಾರು ಬಹುಪಾಲು 1 ಡಿಗ್ರಿಯೂ ಇಲ್ಲ. ಇದರ ಮೇಲೆ ನಿಂತವನಿಗೆ ಪರ್ವತದ ಮೇಲಿರುವುದು ತಿಳಿಯಲಾರದು. ಕಕ್ಷೆಯಿಂದ ಮಾತ್ರವೇ ಇದರ ಪೂರ್ಣ ರೂಪ ಗೋಚರಿಸುತ್ತದೆ.

ಮೇಲ್ಕಂಡ ಪರ್ವತಗಳನ್ನು ಗುರಾಣಿ ಜ್ವಾಲಾಮುಖಿಗಳೆಂದು ಕರೆಯಲಾಗುತ್ತದೆ. ನೆಲದ ಮೇಲೆ ಮಲಗಿಸಿದ ಗುರಾಣಿಯಂತೆ ತೋರುವುದರಿಂದ ಈ ಹೆಸರು ಬಂದಿದೆ. ತೆಳುವಾಗಿ ಹರಿಯುವ ಬಸಾಲ್ಟ್ ಲಾವಾ ಒಂದರ ಮೇಲೊಂದು ಪದರವಾಗಿ ಹರಡಿ ಇವು ಬೆಳೆದವು. ಶಿಖರದಲ್ಲಿರುವ ಬೋಗುಣಿಯು ಸ್ಫೋಟದಿಂದ ಆದುದಲ್ಲ. ಒಳಗಿನ ಶಿಲಾಪಾಕ ಖಾಲಿಯಾದಾಗ ಮೇಲಿನ ನೆಲವು ಕುಸಿದು ಉಂಟಾಗುವ ಈ ತಗ್ಗನ್ನು ಕ್ಯಾಲ್ಡೆರಾ ಎನ್ನುವರು. ಒಲಿಂಪಸ್‌ನ ಶಿಖರದಲ್ಲಿ ಒಂದನ್ನೊಂದು ಕತ್ತರಿಸಿರುವ ಆರು ಕ್ಯಾಲ್ಡೆರಾಗಳಿದ್ದು, ಕುಸಿತವು ಹಲವು ಬಾರಿ ನಡೆದಿರುವುದನ್ನು ಅವು ಸೂಚಿಸುತ್ತವೆ.

ಟಿರ್ರೆನಸ್ ಮಾನ್ಸ್ ಇವುಗಳಿಗಿಂತ ಭಿನ್ನ. ಇದು ತಗ್ಗಾಗಿದ್ದು, ಪಾರ್ಶ್ವಗಳು ಆಳವಾಗಿ ಕೊರೆದಿವೆ. ಗಟ್ಟಿ ಲಾವಾ ಇಷ್ಟು ಸುಲಭವಾಗಿ ಕೊರೆಯಲ್ಪಡದ ಕಾರಣ, ಇದು ಬಹುಪಾಲು ಜ್ವಾಲಾಮುಖಿಯ ಬೂದಿಯಿಂದ ಆದ ಪರ್ವತವೆಂದು ತರ್ಕಿಸಲಾಗಿದೆ.

4. ಬೃಹತ್ ಗಾತ್ರಕ್ಕೆ ಕಾರಣ

ಭೂಮಿಯ ಹೊರಪದರವು ಹಲವು ಫಲಕಗಳಾಗಿ ಒಡೆದಿದ್ದು, ಅವು ನಿರಂತರ ಚಲಿಸುತ್ತವೆ. ಆಳದಲ್ಲಿ ಶಿಲಾಪಾಕ ಮೇಲೇರುವ ಸ್ಥಳ ಬಹುಮಟ್ಟಿಗೆ ಸ್ಥಿರವಾಗಿದ್ದು, ಅದರ ಮೇಲಿನ ಫಲಕ ಸರಿಯುತ್ತಾ ಹೋಗುತ್ತದೆ. ಆದ್ದರಿಂದ ಇಲ್ಲಿ ಒಂದು ದೊಡ್ಡ ಪರ್ವತದ ಬದಲು ಹಲವು ಚಿಕ್ಕ ಪರ್ವತಗಳ ಸಾಲು ಉಂಟಾಗುತ್ತದೆ. ಹವಾಯಿ ದ್ವೀಪಗಳು ಇದಕ್ಕೆ ನಿದರ್ಶನ.

ಕರ್ನಾಟಕದಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಫಲಕವು ಇಂದಿನ ರಿಯೂನಿಯನ್ ದ್ವೀಪದ ಕೆಳಗಿರುವ ಶಿಲಾಪಾಕದ ಮೂಲದ ಮೇಲೆ ಹಾದುಹೋಗುವಾಗ ಅಪಾರ ಲಾವಾ ಹೊರಹರಿಯಿತೆಂಬುದು ಹೆಚ್ಚು ಮಾನ್ಯವಾದ ವಿವರಣೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಭಾಗಗಳಲ್ಲಿರುವ ಕಪ್ಪು ಶಿಲೆ ಹಾಗೂ ಕಪ್ಪು ಮಣ್ಣು ಅದರ ಫಲ. ಇಂದು ಆ ಮೂಲವು ಹಿಂದೂ ಮಹಾಸಾಗರದಲ್ಲಿ ಉಳಿದಿದ್ದು, ಭಾರತವು ಸಾವಿರಾರು ಕಿಲೋಮೀಟರ್ ಉತ್ತರಕ್ಕೆ ಸರಿದಿದೆ.

ಮಂಗಳದಲ್ಲಿ ಇಂತಹ ಚಲಿಸುವ ಫಲಕಗಳು ಇಲ್ಲ. ಲಾವಾ ಕೋಟ್ಯಂತರ ವರ್ಷ ಒಂದೇ ಸ್ಥಳದಲ್ಲಿ ಸಂಗ್ರಹವಾಯಿತು. ಅಲ್ಲಿನ ಗುರುತ್ವವು ಭೂಮಿಯ ಗುರುತ್ವದ ಶೇ. 38ರಷ್ಟು ಮಾತ್ರ ಇರುವುದರಿಂದ ಪರ್ವತವು ತನ್ನ ಭಾರಕ್ಕೆ ತಾನೇ ಕುಸಿಯುವುದೂ ಕಡಿಮೆ. ಮಳೆ ಹಾಗೂ ಹರಿಯುವ ನದಿಗಳು ಇಲ್ಲದಿರುವುದರಿಂದ ಸವಕಳಿಯೂ ಅತಿ ನಿಧಾನ.

5. ಬಿರುಕುಗಳು ಮತ್ತು ಸೀಳು ಕಣಿವೆಗಳು

ಥಾರ್ಸಿಸ್‌ನ ಭಾರ ಹಾಗೂ ಉಬ್ಬುವಿಕೆಯಿಂದ ಸುತ್ತಲಿನ ಹೊರಪದರ ಎಳೆತಕ್ಕೆ ಒಳಗಾಯಿತು. ಇದರಿಂದ ಮೂರು ಬಗೆಯ ರಚನೆಗಳು ಉಂಟಾದವು.

ಮೊದಲನೆಯದಾಗಿ, ಎಳೆತದಿಂದ ಬಿರಿದ ನೆಲದ ನಡುವಿನ ಪಟ್ಟಿ ಕೆಳಕ್ಕೆ ಜಾರಿ ಉಂಟಾದ ನೀಳವಾದ ತಗ್ಗುಗಳು. ಇವುಗಳ ಎರಡೂ ಗೋಡೆಗಳು ಪರಸ್ಪರ ಸಮಾನಾಂತರವಾಗಿರುತ್ತವೆ.

ಎರಡನೆಯದಾಗಿ, ವ್ಯಾಲಿಸ್ ಮರಿನೆರಿಸ್ ಎಂಬ ಮಹಾ ಕಣಿವೆ ಸಮೂಹ. ಇದರ ಉದ್ದ ಸುಮಾರು 4,000 ಕಿ.ಮೀ. ಭಾರತದ ಉತ್ತರ–ದಕ್ಷಿಣ ಉದ್ದವಾದ 3,214 ಕಿ.ಮೀ.ಗಿಂತಲೂ ಇದು ಹೆಚ್ಚು. ಕೆಲವೆಡೆ ಆಳ 7 ಕಿ.ಮೀ. ತಲುಪುತ್ತದೆ. ಇದು ಮೂಲತಃ ನದಿ ಕೊರೆದ ಕಣಿವೆಯಲ್ಲ. ನೆಲ ಸೀಳಿ ಆರಂಭವಾಗಿ, ನಂತರ ಗೋಡೆಗಳು ಕುಸಿದು ಅಗಲವಾಯಿತು. ಮಂಗಳಯಾನವು ಚಿತ್ರಿಸಿದ ಓಫಿರ್ ಕಣಿವೆಯು ಈ ಸಮೂಹದ ಒಂದು ಭಾಗ.

ಮೂರನೆಯದಾಗಿ, ಒತ್ತಡದಿಂದ ನೆಲ ಸುಕ್ಕುಗಟ್ಟಿ ಉಂಟಾದ ಏಣುಗಳು. ಇವು ಲಾವಾ ಬಯಲುಗಳ ಮೇಲೆ ನೂರಾರು ಕಿಲೋಮೀಟರ್ ಸಾಗುತ್ತವೆ.

ಈ ಎಲ್ಲ ಕ್ರಿಯೆಗಳು ಗತಕಾಲಕ್ಕೆ ಮಾತ್ರ ಸೇರಿದವೆಂದು ಹೇಳಲಾಗದು. 2018ರ ನವೆಂಬರ್‌ನಲ್ಲಿ ಮಂಗಳದ ಮೇಲೆ ಇಳಿದ ಇನ್‌ಸೈಟ್ ನೌಕೆಯು 2022ರ ಡಿಸೆಂಬರ್‌ವರೆಗೆ 1,300ಕ್ಕೂ ಹೆಚ್ಚು ಕಂಪನಗಳನ್ನು ದಾಖಲಿಸಿತು. ಮೂಲ ಗುರುತಿಸಲು ಸಾಧ್ಯವಾದ ಪ್ರಬಲ ಕಂಪನಗಳಲ್ಲಿ ಅನೇಕವು ಸರ್ಬೆರಸ್ ಫೊಸ್ಸೆ ಎಂಬ ಬಿರುಕುಗಳ ಪ್ರದೇಶದಿಂದ ಬಂದವು. ಕಕ್ಷೆಯ ಚಿತ್ರಗಳಲ್ಲಿ ಕಂಡ ಗೆರೆಗಳು ಇಂದಿಗೂ ಸಕ್ರಿಯವಾಗಿರಬಹುದೆಂಬುದು ನೆಲದ ಮೇಲಿನ ಉಪಕರಣದಿಂದ ತಿಳಿಯಿತು.

6. ಶಿವಮೊಗ್ಗ–ಭದ್ರಾವತಿ ಪ್ರದೇಶದ ಪ್ರಾಚೀನ ಲಾವಾ ಮತ್ತು ಕಬ್ಬಿಣ

ಈ ಪ್ರದೇಶದ ತಳಪಾಯವು 300 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಶಿಲೆ. ಅದರ ಮೇಲೆ ಲಾವಾ ಹರಿದು, ಮರಳು ಹಾಗೂ ಕೆಸರು ಸಂಗ್ರಹವಾಗಿ, ನಂತರ ಶಾಖ ಮತ್ತು ಒತ್ತಡಕ್ಕೆ ಸಿಲುಕಿ ಮಾರ್ಪಟ್ಟ ಪದರಶಿಲೆಗಳಿವೆ. ಇವುಗಳಿಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದ ಕೊನೆಯಲ್ಲಿ ‘ಧಾರವಾಡ’ ಶಿಲೆಗಳೆಂದು ಹೆಸರಿಸಿದರು. ಶಿವಮೊಗ್ಗ ಪದರಶಿಲಾ ಪಟ್ಟಿ ಹಾಗೂ ಭದ್ರಾವತಿಗೆ ದಕ್ಷಿಣದಲ್ಲಿರುವ ಬಾಬಾಬುಡನ್ ಬೆಟ್ಟಗಳ ಪಟ್ಟಿ ಈ ಗುಂಪಿಗೆ ಸೇರಿವೆ. ಬಾಬಾಬುಡನ್ ಲಾವಾಗಳ ವಯಸ್ಸು ಸುಮಾರು 290ರಿಂದ 270 ಕೋಟಿ ವರ್ಷ.

ಕಲ್ಲನ್ನು ಪರೀಕ್ಷಿಸಿದರೆ ಲಾವಾದ ಕುರುಹುಗಳು ಈಗಲೂ ದೊರೆಯುತ್ತವೆ. ಅನಿಲದ ಗುಳ್ಳೆಗಳಿದ್ದ ಜಾಗದಲ್ಲಿ ಬಿಳಿಯ ಖನಿಜ ತುಂಬಿರುವುದು ಒಂದು ಕುರುಹು. ನೀರಿನಡಿ ಹರಿದ ಲಾವಾ ಥಟ್ಟನೆ ತಣಿದು ದಿಂಬುಗಳನ್ನು ರಾಶಿ ಹಾಕಿದಂತೆ ಗಟ್ಟಿಯಾಗಿರುವುದು ಇನ್ನೊಂದು. ಇಂತಹ ದಿಂಬುಲಾವಾವನ್ನು ಸ್ಪಷ್ಟವಾಗಿ ನೋಡಬಯಸುವವರಿಗೆ ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ ಸೂಕ್ತ ಸ್ಥಳ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಲಾವಾ ಪದರಗಳ ಮೇಲ್ಭಾಗದಲ್ಲಿ ಕಬ್ಬಿಣದ ಪಟ್ಟೆಶಿಲೆಗಳಿವೆ. ವಾತಾವರಣದಲ್ಲಿ ಆಮ್ಲಜನಕ ಅತ್ಯಲ್ಪವಾಗಿದ್ದ ಕಾಲದಲ್ಲಿ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವು ಸಿಲಿಕಾದೊಂದಿಗೆ ಪಟ್ಟೆ ಪಟ್ಟೆಯಾಗಿ ತಳಸೇರಿ ಇವು ಉಂಟಾದವು. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅಲ್ಲಿನ ಕೆಂಪು ಮಣ್ಣನ್ನು ಹೇಳುತ್ತದೆ. ಮೈಸೂರು ಸಂಸ್ಥಾನವು 1918ರಲ್ಲಿ ಕೈಗೊಂಡು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಈ ಬೆಟ್ಟಗಳಿಂದಲೇ ಅದಿರು ಬರುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಸೇರಿಹೋಗಿರುವ ಈ ಕಾರ್ಖಾನೆಯಿಂದ ಭದ್ರಾವತಿಯ ಹಲವು ತಲೆಮಾರುಗಳ ಕುಟುಂಬಗಳು ಜೀವನ ಸಾಗಿಸಿವೆ.

ಮಂಗಳದ ಕೆಂಪು ಬಣ್ಣಕ್ಕೂ ಕಬ್ಬಿಣವೇ ಕಾರಣ. ಅಲ್ಲಿನ ಕಬ್ಬಿಣಯುಕ್ತ ಶಿಲೆಗಳು ಶಿಥಿಲವಾಗಿ ಉಂಟಾದ ಸೂಕ್ಷ್ಮ ಧೂಳು ಇಡೀ ಗ್ರಹವನ್ನು ಆವರಿಸಿದೆ. ಆದರೆ ಬಣ್ಣ ಒಂದೇ ಎಂಬ ಕಾರಣದಿಂದ ಎರಡರ ಉತ್ಪತ್ತಿಯೂ ಒಂದೇ ಎಂದು ಭಾವಿಸಬಾರದು. ಇಲ್ಲಿರುವುದು ಸಮುದ್ರ ತಳದಲ್ಲಿ ಸಾಂದ್ರೀಕೃತವಾದ ಅದಿರಿನ ಪದರ, ಅಲ್ಲಿರುವುದು ಮುಖ್ಯವಾಗಿ ಮೇಲ್ಮೈಯ ಧೂಳು.

7. ಆಕಾರ ಮಾತ್ರ ನೋಡಿದರೆ ಆಗುವ ತಪ್ಪು: ಬಾಬಾಬುಡನ್ ಬೆಟ್ಟಗಳ ನಿದರ್ಶನ

ಉಪಗ್ರಹ ಚಿತ್ರದಲ್ಲಿ ಬಾಬಾಬುಡನ್ ಬೆಟ್ಟಗಳು ವಾಯವ್ಯಕ್ಕೆ ತೆರೆದ ಕುದುರೆಲಾಳದಂತೆ ಕಾಣುತ್ತವೆ. ನಡುವೆ ಜಾಗರ ಕಣಿವೆ ಇದೆ. ಚಂದ್ರದ್ರೋಣ ಪರ್ವತವೆಂಬ ಹಳೆಯ ಹೆಸರು ಈ ಅರ್ಧಚಂದ್ರ ಆಕಾರವನ್ನೇ ಸೂಚಿಸುತ್ತದೆಂದು ಹೇಳಲಾಗುತ್ತದೆ. ಕೆಳಗೆ ಲಾವಾ ಶಿಲೆ, ಮೇಲೆ ವರ್ತುಲಾಕಾರದ ಅಂಚು, ನಡುವೆ ತಗ್ಗು. ಇಷ್ಟನ್ನು ನೋಡಿದವರು ಇದೊಂದು ಒಂದು ಬದಿ ಒಡೆದ ಕ್ಯಾಲ್ಡೆರಾ ಎಂದು ತೀರ್ಮಾನಿಸುವ ಸಂಭವವಿದೆ.

ನೆಲದ ಮೇಲಿನ ಸಮೀಕ್ಷೆಯು ಬೇರೆಯದನ್ನು ತಿಳಿಸುತ್ತದೆ. ಸಮತಟ್ಟಾಗಿ ಹರಡಿದ್ದ ಲಾವಾ ಹಾಗೂ ಕಬ್ಬಿಣದ ಪಟ್ಟೆಶಿಲೆಗಳ ಪದರಗಳು ಭೂಚಲನೆಯಿಂದ ದೋಣಿಯಂತೆ ಮಡಿಚಿಕೊಂಡವು. ಆನಂತರದ ದೀರ್ಘ ಕಾಲದ ಸವಕಳಿಯಲ್ಲಿ ಮೃದು ಶಿಲೆಗಳು ಕೊಚ್ಚಿಹೋಗಿ, ಗಡುಸಾದ ಕಬ್ಬಿಣದ ಪಟ್ಟೆಶಿಲೆಗಳು ಎತ್ತರದ ಅಂಚಾಗಿ ಉಳಿದವು. ಅಂದರೆ, ಕುದುರೆಲಾಳದ ಆಕಾರವು ಮಡಿಕೆ ಮತ್ತು ಸವಕಳಿಯ ಫಲ. ಲಾವಾ ಉಕ್ಕಿದ ಮೂಲ ಪರ್ವತಗಳು ಎಂದೋ ಅಳಿದುಹೋಗಿವೆ.

ಇದೇ ಬಗೆಯ ಪ್ರಶ್ನೆ ಮಂಗಳದಲ್ಲಿಯೂ ಇದೆ. ಅರೇಬಿಯಾ ಟೆರ್ರಾ ಎಂಬ ಪ್ರದೇಶದ ಈಡನ್ ಪಟೇರಾ ಎಂಬ ತಗ್ಗನ್ನು ಮೊದಲು ಉಲ್ಕೆ ಬಡಿದ ಕುಳಿಯೆಂದು ಪರಿಗಣಿಸಲಾಗಿತ್ತು. ಇದು ಪ್ರಾಚೀನ ಮಹಾ ಜ್ವಾಲಾಮುಖಿಯ ಕುಸಿತವಿರಬಹುದೆಂದು 2013ರಲ್ಲಿ ವಿಜ್ಞಾನಿಗಳು ಸೂಚಿಸಿದರು. ಬಾಬಾಬುಡನ್ ಬೆಟ್ಟಕ್ಕೆ ಸುತ್ತಿಗೆ ಹಿಡಿದು ಹೋಗಬಹುದು, ಈಡನ್ ಪಟೇರಾಕ್ಕೆ ಇದುವರೆಗೆ ಯಾರೂ ಹೋಗಿಲ್ಲ. ಆದ್ದರಿಂದ ಅಲ್ಲಿನ ಪ್ರಶ್ನೆ ಇತ್ಯರ್ಥವಾಗಿಲ್ಲ.

8. ಚಿತ್ರದಲ್ಲಿ ರಚನೆಗಳನ್ನು ಗುರುತಿಸುವ ಕ್ರಮ

ಕಕ್ಷೆಯ ಚಿತ್ರಗಳನ್ನು ನೋಡುವವರು ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

(1) ಉಲ್ಕಾಕುಳಿ: ಅಂಚು ಸುತ್ತಲಿನ ಬಯಲಿಗಿಂತ ಎತ್ತರ, ತಳ ಬಯಲಿಗಿಂತ ತಗ್ಗು. ಸಿಡಿದ ಕಲ್ಲುಮಣ್ಣಿನ ಹರವು ಸುತ್ತ ಇರುತ್ತದೆ. ದೊಡ್ಡ ಕುಳಿಗಳ ನಡುವೆ ಶಿಖರವೂ ಇರಬಹುದು.

(2) ಕ್ಯಾಲ್ಡೆರಾ: ಸಾಮಾನ್ಯವಾಗಿ ಪರ್ವತದ ಮೇಲ್ಭಾಗದಲ್ಲಿ ಇರುತ್ತದೆ. ಸಿಡಿದ ಕಲ್ಲುಗಳ ಹರವು ಇರುವುದಿಲ್ಲ. ಗೋಡೆ ಕಡಿದಾಗಿದ್ದು, ಸುತ್ತ ಬಳೆಯಾಕಾರದ ಬಿರುಕುಗಳು ಇರುತ್ತವೆ.

(3) ಲಾವಾ ಹರಿವು: ನಾಲಿಗೆಯಾಕಾರದ ಅಂಚು, ನಡುವೆ ಕಾಲುವೆ, ಎರಡೂ ಬದಿಯಲ್ಲಿ ದಂಡೆ. ಸಾಲಾಗಿ ಕುಸಿದ ಗುಂಡಿಗಳಿದ್ದಲ್ಲಿ ಕೆಳಗೆ ಲಾವಾ ಸುರಂಗವಿರುವ ಸಾಧ್ಯತೆ ಇದೆ.

(4) ಸೀಳು ತಗ್ಗು: ನೇರವಾದ, ಸಮಾನಾಂತರ ಗೋಡೆಗಳು. ನದಿ ಕಣಿವೆಯಂತೆ ಅಂಕುಡೊಂಕು ಅಥವಾ ಕವಲುಗಳು ಇರುವುದಿಲ್ಲ.

(5) ಬೆಳಕಿನ ದಿಕ್ಕು: ಸೂರ್ಯನ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬುದನ್ನು ತಿಳಿಯದೆ ನೋಡಿದಲ್ಲಿ ಗುಂಡಿಯು ದಿಬ್ಬದಂತೆ, ದಿಬ್ಬವು ಗುಂಡಿಯಂತೆ ತೋರುತ್ತದೆ. ಆದ್ದರಿಂದ ಮೊದಲು ನೆರಳನ್ನು ಗಮನಿಸಬೇಕು.

9. ವಯಸ್ಸಿನ ನಿರ್ಣಯಕ್ಕೆ ಕಲ್ಲು ಅಗತ್ಯ

ಮಂಗಳದ ಬಯಲೊಂದರ ವಯಸ್ಸನ್ನು ಅದರ ಮೇಲಿನ ಉಲ್ಕಾಕುಳಿಗಳನ್ನು ಎಣಿಸಿ ಅಂದಾಜಿಸಲಾಗುತ್ತದೆ. ಕುಳಿಗಳು ಹೆಚ್ಚಿದ್ದಷ್ಟೂ ನೆಲ ಹಳೆಯದು. ಈ ಕ್ರಮದಲ್ಲಿ ಆರ್ಸಿಯಾ ಮಾನ್ಸ್‌ನ ಕ್ಯಾಲ್ಡೆರಾದಲ್ಲಿ ಕೊನೆಯ ಲಾವಾ ಸುಮಾರು 5 ಕೋಟಿ ವರ್ಷಗಳ ಹಿಂದೆ ಹರಿದಿರಬಹುದೆಂದು ಲೆಕ್ಕಹಾಕಲಾಗಿದೆ. ಆದರೆ ಎಣಿಕೆಯನ್ನು ವರ್ಷಗಳಿಗೆ ಪರಿವರ್ತಿಸುವ ಅಳತೆಗೋಲು ದೊರೆತದ್ದು 1969ರಿಂದ 1972ರ ಅವಧಿಯಲ್ಲಿ ಅಪೋಲೋ ಯಾತ್ರಿಗಳು ಚಂದ್ರನಿಂದ ತಂದ ಕಲ್ಲುಗಳಿಂದ. ಚಂದ್ರನಿಗೆ ತಯಾರಿಸಿದ ಅಳತೆಯನ್ನು ಮಂಗಳಕ್ಕೆ ಹೊಂದಿಸಿಕೊಳ್ಳುವುದರಿಂದ ಅನಿಶ್ಚಿತತೆ ಉಳಿಯುತ್ತದೆ.

ಮಂಗಳದ ಕಲ್ಲು ಭೂಮಿಗೆ ತಾನಾಗಿಯೇ ಬಂದ ನಿದರ್ಶನವೂ ಇದೆ. 1865ರ ಆಗಸ್ಟ್ 25ರಂದು ಬಿಹಾರದ ಶೇರ್ಘಾಟಿಯಲ್ಲಿ ಸುಮಾರು 5 ಕಿಲೋಗ್ರಾಂ ತೂಕದ ಉಲ್ಕಾಶಿಲೆ ಬಿದ್ದಿತು. ಅದು ಬಸಾಲ್ಟ್ ಬಗೆಯ ಜ್ವಾಲಾಮುಖಿ ಶಿಲೆ. 1980ರ ದಶಕದಲ್ಲಿ ಇದೇ ಜಾತಿಯ ಇನ್ನೊಂದು ಉಲ್ಕಾಶಿಲೆಯೊಳಗೆ ಸಿಲುಕಿದ್ದ ಅನಿಲವು ಮಂಗಳದ ವಾತಾವರಣಕ್ಕೆ ಹೊಂದಿದ್ದರಿಂದ ಇವುಗಳ ಮೂಲ ಸ್ಪಷ್ಟವಾಯಿತು. ಈ ಜಾತಿಯ ಶಿಲೆಗಳಿಗೆ ಇಂದಿಗೂ ಆ ಊರಿನ ಹೆಸರಿನಿಂದಲೇ ‘ಶೆರ್ಗೊಟೈಟ್’ ಎನ್ನಲಾಗುತ್ತದೆ. ಆದರೆ ಅದು ಮಂಗಳದ ಯಾವ ಪರ್ವತದಿಂದ ಸಿಡಿದು ಬಂದಿತೆಂಬುದನ್ನು ಕಲ್ಲು ತಾನೇ ಹೇಳಲಾರದು. ಅದಕ್ಕೆ ಕಕ್ಷೆಯ ನಕ್ಷೆ ಬೇಕು. 2021ರ ಫೆಬ್ರವರಿಯಲ್ಲಿ ಮಂಗಳದ ಮೇಲೆ ಇಳಿದ ಪರ್ಸೆವೆರೆನ್ಸ್ ವಾಹನವು ಸ್ಥಳ ಗೊತ್ತಿರುವ ಮಾದರಿಗಳನ್ನು ನಳಿಕೆಗಳಲ್ಲಿ ಸಂಗ್ರಹಿಸಿರುವುದರ ಮಹತ್ವ ಇಲ್ಲಿದೆ.

10. ಸ್ಥಳೀಯ ಪ್ರಯೋಜನ: ಗೆರೆಗಳು ಮತ್ತು ಅಂತರ್ಜಲ

ಗ್ರಹದ ಬಿರುಕುಗಳನ್ನು ಕಕ್ಷೆಯಿಂದ ಓದುವ ವಿಧಾನವನ್ನೇ ನಮ್ಮ ನೆಲದಲ್ಲಿ ನೀರಿನ ಶೋಧನೆಗೂ ಬಳಸಲಾಗುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಗಡಸು ಶಿಲೆಯಲ್ಲಿ ನೀರು ಶಿಥಿಲವಾದ ಮೇಲ್ಪದರ ಹಾಗೂ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಉಪಗ್ರಹ ಚಿತ್ರದಲ್ಲಿ ಈ ಬಿರುಕುಗಳು ನೇರ ಗೆರೆಗಳಾಗಿ, ಹಳ್ಳದ ಹಠಾತ್ ತಿರುವುಗಳಾಗಿ ಅಥವಾ ಸಾಲಾಗಿ ಬೆಳೆದ ಹಸಿರಾಗಿ ಕಾಣಬಹುದು. ರಾಜೀವ್ ಗಾಂಧಿ ರಾಷ್ಟ್ರೀಯ ಕುಡಿಯುವ ನೀರು ಮಿಷನ್ ಅಡಿಯಲ್ಲಿ ಉಪಗ್ರಹ ಮಾಹಿತಿ ಆಧರಿಸಿದ 1:50,000 ಪ್ರಮಾಣದ ಅಂತರ್ಜಲ ಸಾಧ್ಯತಾ ನಕ್ಷೆಗಳನ್ನು ಕರ್ನಾಟಕಕ್ಕೂ ಸಿದ್ಧಪಡಿಸಲಾಯಿತು.

ಆದಾಗ್ಯೂ ಕೆಳಕಂಡ ಅಂಶಗಳನ್ನು ಗಮನದಲ್ಲಿಡಬೇಕು.

(ಅ) ಚಿತ್ರದಲ್ಲಿನ ಪ್ರತಿಯೊಂದು ಗೆರೆಯೂ ಬಿರುಕಲ್ಲ. ಹಳೆಯ ರಸ್ತೆ, ಬೇಲಿ, ನಾಲೆ, ವಿದ್ಯುತ್ ಮಾರ್ಗ ಇವೂ ಗೆರೆಗಳಾಗಿ ತೋರುತ್ತವೆ.

(ಆ) ಗೆರೆಯು ಶಿಲಾಪಾಕ ತುಂಬಿ ಗಟ್ಟಿಯಾದ ಗೋಡೆಯಂತಹ ಶಿಲೆಯೂ ಆಗಿರಬಹುದು. ಅಂತಹ ಶಿಲೆಯು ನೀರಿನ ಹರಿವನ್ನು ತಡೆಯುತ್ತದೆ. ಅದರ ಮೇಲೆಯೇ ಕೊರೆದಲ್ಲಿ ನೀರು ದೊರೆಯದಿರಬಹುದು, ಮೇಲ್ಬದಿಯಲ್ಲಿ ಕೊರೆದಲ್ಲಿ ದೊರೆಯಬಹುದು.

(ಇ) 1:50,000 ಪ್ರಮಾಣದ ನಕ್ಷೆಯಲ್ಲಿ 1 ಮಿಲಿಮೀಟರ್ ದಪ್ಪದ ಗೆರೆಯು ನೆಲದಲ್ಲಿ 50 ಮೀಟರ್ ಅಗಲಕ್ಕೆ ಸಮ. ಸಣ್ಣ ಹಿಡುವಳಿಯಲ್ಲಿ ಇದು ಜಮೀನಿನ ಒಳಗೂ ಹೊರಗೂ ಆಗುವಷ್ಟು ವ್ಯತ್ಯಾಸ.

ಆದ್ದರಿಂದ ನಕ್ಷೆಯ ನಂತರ ಭೂವಿಜ್ಞಾನಿಯಿಂದ ಸ್ಥಳ ಪರಿಶೀಲನೆ ಹಾಗೂ ವಿದ್ಯುತ್ ರೋಧ ಪರೀಕ್ಷೆ ನಡೆಸುವುದು ಅವಶ್ಯ. ನಕ್ಷೆಯನ್ನು ಮಾತ್ರ ನಂಬಿ, ಅಥವಾ ಯಾವ ಪರೀಕ್ಷೆಯೂ ಇಲ್ಲದೆ ಸಾಲ ಮಾಡಿ ಕೊರೆಸಿದ ಬಾವಿ ವಿಫಲವಾದಲ್ಲಿ ಆ ನಷ್ಟವನ್ನು ಹೊರುವುದು ಅರ್ಜಿದಾರರ ಕುಟುಂಬ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶಿವಮೊಗ್ಗ ಅಥವಾ ಭದ್ರಾವತಿಯ ಬಳಿ ಜ್ವಾಲಾಮುಖಿ ಮತ್ತೆ ಸಕ್ರಿಯವಾಗುವ ಸಂಭವವಿದೆಯೇ?
ಉತ್ತರ: ಇಲ್ಲ. ಇದು ಭೂಮಿಯ ಅತಿ ಹಳೆಯ, ದಪ್ಪ ಹಾಗೂ ಸ್ಥಿರವಾದ ಹೊರಪದರದ ಭಾಗ. ಇಲ್ಲಿನ ಲಾವಾ ಕ್ರಿಯೆ ಕೋಟ್ಯಂತರ ವರ್ಷಗಳ ಹಿಂದೆಯೇ ಮುಗಿದಿದ್ದು, ಕೆಳಗೆ ಶಿಲಾಪಾಕ ಮೇಲೇರುತ್ತಿರುವ ಲಕ್ಷಣಗಳು ಇಲ್ಲ.

ಪ್ರಶ್ನೆ: ಮಂಗಳದ ಜ್ವಾಲಾಮುಖಿಗಳು ಸಂಪೂರ್ಣ ನಂದಿವೆಯೇ?
ಉತ್ತರ: ಇದುವರೆಗೆ ಯಾವ ನೌಕೆಯೂ ಅಲ್ಲಿ ಲಾವಾ ಉಕ್ಕುವುದನ್ನು ಕಂಡಿಲ್ಲ. ಆದರೆ ಭೂವೈಜ್ಞಾನಿಕ ಲೆಕ್ಕದಲ್ಲಿ ಇತ್ತೀಚಿನವೆನ್ನಬಹುದಾದ ಲಾವಾ ಹರಿವುಗಳೂ ಕಂಪನಗಳೂ ದಾಖಲಾಗಿರುವುದರಿಂದ ಸಂಪೂರ್ಣ ನಂದಿವೆ ಎಂದು ನಿರ್ಧರಿಸಲಾಗಿಲ್ಲ.

ಪ್ರಶ್ನೆ: ಭದ್ರಾವತಿಯ ಸುತ್ತ ದೊರೆಯುವ ಭಾರವಾದ ಕಪ್ಪು ಕಲ್ಲುಗಳು ಉಲ್ಕಾಶಿಲೆಗಳೇ?
ಉತ್ತರ: ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟವು ಉಲ್ಕಾಶಿಲೆಯಂತೆ ತೋರುವುದುಂಟು. ಕಿಟ್ಟದಲ್ಲಿ ಸಾಮಾನ್ಯವಾಗಿ ಗಾಳಿಗುಳ್ಳೆಗಳ ರಂಧ್ರಗಳು ಹೇರಳವಾಗಿರುತ್ತವೆ, ಉಲ್ಕಾಶಿಲೆಗಳಲ್ಲಿ ಅವು ಅಪರೂಪ. ಆಕಾಶದಿಂದ ಕಲ್ಲು ಬಿದ್ದುದನ್ನು ಪ್ರತ್ಯಕ್ಷ ಕಂಡಲ್ಲಿ ಅದನ್ನು ಒಡೆಯದೆ ಸ್ಥಳೀಯ ಆಡಳಿತದ ಗಮನಕ್ಕೆ ತರಬೇಕು. ದೇಶದಲ್ಲಿ ಉಲ್ಕಾಶಿಲೆಗಳ ಪರೀಕ್ಷೆ ಹಾಗೂ ಸಂರಕ್ಷಣೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ನಿರ್ವಹಿಸುತ್ತದೆ.

ಪ್ರಶ್ನೆ: ಮಂಗಳಯಾನದ ಚಿತ್ರಗಳು ಸಾರ್ವಜನಿಕರಿಗೆ ಲಭ್ಯವೇ?
ಉತ್ತರ: ಹೌದು. ಇಸ್ರೋ ಆಯ್ದ ಚಿತ್ರಗಳ ಸಂಪುಟವನ್ನು 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ವೈಜ್ಞಾನಿಕ ದತ್ತಾಂಶವನ್ನೂ ಆನಂತರ ಬಿಡುಗಡೆ ಮಾಡಲಾಗಿದೆ.

ಪ್ರಶ್ನೆ: ಬೇರೆ ಗ್ರಹಗಳಲ್ಲಿಯೂ ಇಂತಹ ಅಧ್ಯಯನ ಇದೆಯೇ?
ಉತ್ತರ: ಇದೆ. ಶುಕ್ರ ಗ್ರಹವನ್ನು ದಟ್ಟ ಮೋಡ ಮುಚ್ಚಿರುವುದರಿಂದ ಸಾಮಾನ್ಯ ಕ್ಯಾಮೆರಾ ಸಾಲದು. 1990ರ ದಶಕದಲ್ಲಿ ಅಮೆರಿಕದ ಮ್ಯಾಗೆಲನ್ ನೌಕೆಯು ರಾಡಾರ್ ಮೂಲಕ ಅದರ ಶೇ. 98ರಷ್ಟು ಮೇಲ್ಮೈಯನ್ನು ಚಿತ್ರಿಸಿತು. ಭಾರತದ ಶುಕ್ರ ಕಕ್ಷಾ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್‌ನಲ್ಲಿ 1,236 ಕೋಟಿ ರೂಪಾಯಿ ವೆಚ್ಚಕ್ಕೆ ಅನುಮೋದನೆ ನೀಡಿದ್ದು, ಉಡಾವಣೆಗೆ 2028ರ ಮಾರ್ಚ್ ತಿಂಗಳ ಗುರಿ ನಿಗದಿಪಡಿಸಿತು.

12. ಸಾರ್ವಜನಿಕರ ಗಮನಕ್ಕೆ

ಮರಡಿಹಳ್ಳಿಯ ದಿಂಬುಲಾವಾದಂತಹ ಶಿಲಾಸ್ಮಾರಕಗಳನ್ನು ಒಡೆಯುವುದು, ತುಂಡುಗಳನ್ನು ಕೊಂಡೊಯ್ಯುವುದು ಅಥವಾ ಅವುಗಳ ಮೇಲೆ ಬರೆಯುವುದನ್ನು ಮಾಡಬಾರದು. ರಸ್ತೆ ಕಡಿತ, ಕಲ್ಲುಗಣಿ ಅಥವಾ ಬಾವಿ ತೋಡುವಾಗ ಗುಳ್ಳೆಗಳುಳ್ಳ ಅಥವಾ ದಿಂಬಿನಾಕಾರದ ಶಿಲೆಗಳು ಕಂಡುಬಂದಲ್ಲಿ ಭೂವಿಜ್ಞಾನ ಕಲಿಸುವ ಕಾಲೇಜು ಅಥವಾ ಸಂಬಂಧಪಟ್ಟ ಇಲಾಖೆಯ ಗಮನಕ್ಕೆ ತರಬಹುದು. ಇಲ್ಲಿನ ಪರ್ವತಗಳ ಮೂಲ ಆಕಾರ ಈಗಾಗಲೇ ಅಳಿದಿದೆ. ಅವುಗಳ ಬಗ್ಗೆ ಉಳಿದಿರುವ ದಾಖಲೆ ಈ ಕಲ್ಲುಗಳು ಮಾತ್ರ. ಅನ್ಯ ಗ್ರಹದ ಚಿತ್ರವನ್ನು ಸರಿಯಾಗಿ ಓದುವವರಿಗೂ ಇವೇ ಆಧಾರ.